ಮೂರು ಮರಿ, ಒಂದು ತೂಕದ ಪುಸ್ತಕ

ಅನಾಥ ಬೆಕ್ಕಿನ ಮರಿಗಳನ್ನು ಮನೆಗೆ ತಂದು, ಬೆಳೆಸಿ, ಒಳ್ಳೆ ಮನೆ ಸಿಕ್ಕಾಗ ಕೊಟ್ಟು ಕಳಿಸುವ ಕೆಲಸ ಹಿಡಿದ ಮೇಲೆ ಇದು ನನ್ನ ನಾಲ್ಕನೇ ಬ್ಯಾಚ್. ಪ್ರತಿ ಸಲ ಒಂದು ನೋಟ್ ಪುಸ್ತಕ ಇಡುತ್ತೇನೆ. ತೂಕ, ಹಾಲು, ಕಕ್ಕ, ಔಷಧಿ ಎಲ್ಲ ಅದರಲ್ಲಿ. ಮರಿ ಹೊರಟಾಗ ಅದರ ಪುಟಗಳೂ ಜೊತೆಗೆ ಹೋಗುತ್ತವೆ. ಕೊಡುವ ಮೊದಲು ಈ ಸಲದ ಪುಟಗಳಿಂದ ಒಂದಿಷ್ಟನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ದಿನ 1

ಸಂಜೆ ಬಂದವು. ಒಂದು ರಟ್ಟಿನ ಡಬ್ಬ, ಒಳಗೆ ಟವೆಲ್, ಟವೆಲ್ ಒಳಗೆ ಮೂರು ಮರಿ ಒಂದರ ಮೇಲೊಂದು. ಕಣ್ಣು ಬಿಟ್ಟಿಲ್ಲ. ಕಿವಿ ಮಡಚಿ ತಲೆಗೆ ಅಂಟಿಕೊಂಡಿದೆ. ಹೊಕ್ಕುಳ ಬಳ್ಳಿ ಉದುರಿದೆ. ಹಾಗಾದರೆ ಐದಾರು ದಿನದ ಮರಿಗಳು. ತಾಯಿ ವಾಪಸ್ ಬರಬಹುದು ಅಂತ ರೆಸ್ಕ್ಯೂ ತಂಡದವರು ದೂರ ನಿಂತು ಗಂಟೆಗಟ್ಟಲೆ ಕಾದಿದ್ದರಂತೆ. ಬರಲಿಲ್ಲ. ಹೀಗೆ ಕಾಯುವುದು ತುಂಬ ಮುಖ್ಯ. ತಾಯಿ ಬೇಟೆಗೆ ಹೋಗಿರುತ್ತದೆ, ನಾವು ಅನಾಥ ಅಂದುಕೊಂಡು ಮರಿ ಎತ್ತಿಕೊಂಡು ಬಂದುಬಿಡುತ್ತೇವೆ. ತಾಯಿ ಹಾಲಿಗೆ ಸಮನಾದದ್ದು ಯಾವ ಡಬ್ಬದಲ್ಲೂ ಇಲ್ಲ.

ಬೂದು ಬಣ್ಣದವಳು ಬೂದಿ, 158 ಗ್ರಾಂ. ಮೂಗಿನ ಮೇಲೆ ಕಪ್ಪು ಚುಕ್ಕಿ ಇರುವವಳು ಚುಕ್ಕಿ, 146. ಮೂರನೆಯವನು ಗಂಡು, 118. ಅವನಿಗೆ ಪುಟ್ಟ ಅಂತ ಹೆಸರಿಟ್ಟವಳು ನನ್ನ ಅಕ್ಕ.

ಹಸಿದು ಚೀರುತ್ತಿದ್ದರೂ ಮೊದಲ ಮುಕ್ಕಾಲು ಗಂಟೆ ಹಾಲು ಕೊಡಲಿಲ್ಲ. ಪುಟ್ಟನ ಬಾಯೊಳಗೆ ಬೆರಳು ಇಟ್ಟು ನೋಡಿದರೆ ತಣ್ಣಗಿತ್ತು. ಮೈ ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ, ಹೊಟ್ಟೆಯಲ್ಲೇ ನಿಂತುಬಿಡುತ್ತದೆ. ನನ್ನ ಮೊದಲ ಬ್ಯಾಚಿನಲ್ಲಿ ಒಂದು ಮರಿಗೆ ಅಯ್ಯೋ ಹಸಿದಿದೆ ಅಂತ ಬಂದ ಕೂಡಲೇ ಬಾಟಲಿ ಹಿಡಿದಿದ್ದೆ. ಬೆಳಗಾಗುವ ಹೊತ್ತಿಗೆ ಅದು ಇರಲಿಲ್ಲ. ಆ ರಾತ್ರಿಯನ್ನು ನಾನು ಮರೆತಿಲ್ಲ. ಅದಕ್ಕೇ ಈಗ ಮೊದಲು ಶಾಖ, ಆಮೇಲೆ ಹಾಲು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದ ಒಂದು ಮೂಲೆಯಲ್ಲಿ ಮಾತ್ರ ಇಟ್ಟೆ. ಸೆಕೆಯಾದರೆ ಮರಿ ತೆವಳಿಕೊಂಡು ಆಚೆ ಹೋಗಲು ಜಾಗ ಬೇಕಲ್ವಾ?

ದಿನ 2

ಎರಡೂವರೆ ಗಂಟೆಗೊಮ್ಮೆ ಹಾಲು. ಬೆಕ್ಕಿನ ಮರಿಗೆಂದೇ ಸಿಗುವ ಪುಡಿ ಹಾಲು, ಮೈ ಬಿಸಿಯಷ್ಟು ಬೆಚ್ಚಗೆ. ಹಸುವಿನ ಹಾಲು ಕೊಟ್ಟರೆ ಭೇದಿ ಶುರುವಾಗುತ್ತದೆ. ಇಷ್ಟು ಚಿಕ್ಕ ಮರಿ ಭೇದಿಯಿಂದ ಒಂದೇ ದಿನದಲ್ಲಿ ಸೋತುಹೋಗುತ್ತದೆ. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿ.ಲೀ. ಲೆಕ್ಕ. ಹೊಟ್ಟೆ ಹಿಡಿಸುವುದೇ ಅಷ್ಟು.

ಮಧ್ಯಾಹ್ನ ಚುಕ್ಕಿಯ ಮೂಗಿನಿಂದ ಹಾಲು ಬಂತು. ನನ್ನ ಎದೆ ಧಸಕ್ ಅಂದಿತು. ತಪ್ಪು ನನ್ನದೇ. ನಿಪ್ಪಲ್ ತೂತು ದೊಡ್ಡದಾಗಿ ಕತ್ತರಿಸಿದ್ದೆ. ಬಾಟಲಿ ತಲೆಕೆಳಗೆ ಹಿಡಿದಾಗ ತೊಟ್ಟು ತೊಟ್ಟಾಗಿ ನಿಧಾನಕ್ಕೆ ಬೀಳಬೇಕು, ಧಾರೆ ಸುರಿಯಬಾರದು. ತಕ್ಷಣ ಬಾಟಲಿ ತೆಗೆದು, ಮೂಗು ಒರೆಸಿ, ತಲೆ ಸ್ವಲ್ಪ ಕೆಳಗೆ ಮಾಡಿ ಹಿಡಿದೆ. ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ರಾತ್ರಿಯಿಡೀ ಅವಳ ಉಸಿರು ಕೇಳುತ್ತಾ ಕೂತಿದ್ದೆ. ಏನೂ ಆಗಲಿಲ್ಲ. ನಿಪ್ಪಲ್ ಬದಲಾಯಿಸಿದೆ.

ಇನ್ನೊಂದು ಮಾತು. ಮನುಷ್ಯರ ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಲೇಬಾರದು. ಹೊಟ್ಟೆ ಕೆಳಗೆ, ತಲೆ ಸ್ವಲ್ಪ ಮೇಲೆ. ತಾಯಿ ಹತ್ತಿರ ಹೇಗೆ ಕುಡಿಯುತ್ತಿತ್ತೋ ಹಾಗೇ.

ದಿನ 5

ಬೂದಿ 206, ಚುಕ್ಕಿ 190, ಪುಟ್ಟ 131. ದಿನಕ್ಕೆ 10 ರಿಂದ 15 ಗ್ರಾಂ ಏರಿದರೆ ನೆಮ್ಮದಿ. ಹೆಣ್ಣು ಮರಿಗಳು ಸರಿಯಾಗಿವೆ. ಪುಟ್ಟ ಹಿಂದೆ ಬಿದ್ದಿದ್ದಾನೆ.

ಬೂದಿಯ ಬಲಗಣ್ಣು ಮೂಗಿನ ಕಡೆಯಿಂದ ಒಂದು ಸೀಳಿನಷ್ಟು ತೆರೆದಿದೆ. ಒಳಗೆ ಮಬ್ಬು ನೀಲಿ. ಬಿಡಿಸಲು ಹೋಗಬಾರದು, ತಾನಾಗಿಯೇ ತೆರೆಯುತ್ತದೆ.

ದಿನ 7

ಪುಟ್ಟ ನಿನ್ನೆ 131, ಇವತ್ತು 126. ನೋಡಿದರೆ ಚೆನ್ನಾಗೇ ಇದ್ದ. ಬಾಟಲಿ ಹಿಡಿದರೆ ಬಾಯಿ ಹಾಕುತ್ತಿದ್ದ, ಕೂಗುತ್ತಿದ್ದ. ಪುಸ್ತಕ ಇಲ್ಲದಿದ್ದರೆ ಇನ್ನೂ ಎರಡು ದಿನ ನಾನು ಸುಮ್ನೆ ಇರುತ್ತಿದ್ದೆ. ಸಣ್ಣ ಮರಿಗಳು ಸೊರಗಿದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ತಕ್ಕಡಿಗೆ ಮೊದಲೇ ಗೊತ್ತಾಗುತ್ತದೆ. ತೂಕ ಒಂದು ದಿನ ನಿಂತರೆ ಗಮನ, ಇಳಿದರೆ ಅವತ್ತೇ ವೈದ್ಯರು. ಇದು ನಾನು ಹಾಕಿಕೊಂಡ ನಿಯಮ.

ವೈದ್ಯರು ಬಾಯೊಳಗೆ ಟಾರ್ಚ್ ಬಿಟ್ಟು ಅಂಗುಳು ಸೀಳಿದೆಯಾ ನೋಡಿದರು. ಇಲ್ಲ. ಎದೆ ಕೇಳಿದರು. ಸರಿ ಇದೆ. ಆಮೇಲೆ ಅವನನ್ನು ಅಂಗೈ ಮೇಲೆ ಮಗುಚಿ ಹಿಂಗಾಲು ಸರಿಸಿದರು. ಬಾಲದ ಕೆಳಗಿನ ಕೂದಲು ಒದ್ದೆಯಾಗಿ ಒಂದಕ್ಕೊಂದು ಅಂಟಿತ್ತು. ಚರ್ಮ ಕೆಂಪಗೆ ಊದಿತ್ತು.

"ಉಳಿದೆರಡೂ ಇವನನ್ನ ಚೀಪ್ತಾ ಇವೆ," ಅಂದರು.

ತಾಯಿ ಇಲ್ಲದ ಮರಿಗಳಲ್ಲಿ ಹೀಗಾಗುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಚೀಪುವ ಆಸೆ ತೀರುವುದಿಲ್ಲ. ಮೊಲೆ ಹುಡುಕುತ್ತಾ ಪಕ್ಕದ ಮರಿಯ ಮೈಗೆ ಬಾಯಿ ಹಾಕುತ್ತವೆ. ಗಂಡು ಮರಿಗೆ ಜಾಸ್ತಿ ಪೆಟ್ಟು. ಊತ ಹೆಚ್ಚಾದರೆ ಉಚ್ಚೆ ಕಟ್ಟಿಹೋಗುತ್ತದೆ. ನಾನು ದಿನಕ್ಕೆ ಎಂಟು ಹತ್ತು ಸಲ ಅವನ ಅದೇ ಜಾಗವನ್ನು ಒದ್ದೆ ಹತ್ತಿಯಿಂದ ಸವರಿ ಉಚ್ಚೆ ಮಾಡಿಸುತ್ತಿದ್ದೆ. ಮೂರು ವಾರ ತುಂಬುವ ತನಕ ಮರಿಗಳು ತಾವಾಗಿ ಮಾಡುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತಾಳೆ. ಕೆಂಪಾಗಿದ್ದು ನನ್ನ ಹತ್ತಿಯಿಂದಲೇ ಇರಬೇಕು ಅಂದುಕೊಂಡು ಇನ್ನೂ ಮೆಲ್ಲಗೆ ಒರೆಸುತ್ತಿದ್ದೆ. ಕಣ್ಣೆದುರೇ ಇದ್ದರೂ ತಿಳಿಯಲಿಲ್ಲ.

ಚರ್ಮದ ಕೆಳಗೆ ಸ್ವಲ್ಪ ದ್ರವ ಕೊಟ್ಟರು, ಹಚ್ಚಲು ಮುಲಾಮು ಕೊಟ್ಟರು. ಮನೆಗೆ ಬಂದು ಅವನಿಗೆ ಬೇರೆ ಡಬ್ಬ ಮಾಡಿದೆವು. ಒಂಟಿಯಾಗಬಾರದು ಅಂತ ಅಕ್ಕ ಹಳೆ ಸ್ವೆಟರಿನ ತೋಳಿಗೆ ಬಟ್ಟೆ ತುಂಬಿ ಉದ್ದ ದಿಂಬು ಹೊಲಿದಳು, ಅದರ ಕೆಳಗೆ ಬಿಸಿನೀರಿನ ಬಾಟಲಿ. ಅವನು ಅದರ ಮೇಲೆ ಕತ್ತು ಇಟ್ಟು ಮಲಗಿದ.

ಇನ್ನು ಎರಡು ಗಂಟೆಗೊಮ್ಮೆ, ಸಿರಿಂಜಿನಲ್ಲಿ, ಸ್ವಲ್ಪ ಸ್ವಲ್ಪ. ರಾತ್ರಿ ಹನ್ನೆರಡರ ಪಾಳಿ ಅಕ್ಕನದು. ಎರಡು ಮತ್ತು ನಾಲ್ಕರದ್ದು ನನ್ನದು.

ದಿನ 10

ಪುಟ್ಟ 148! ಪುಸ್ತಕದಲ್ಲಿ ಆ ಅಂಕಿಯ ಸುತ್ತ ಅಕ್ಕ ಕೆಂಪು ಪೆನ್ನಿನಲ್ಲಿ ವೃತ್ತ ಹಾಕಿದ್ದಾಳೆ. ಬೂದಿ 266, ಚುಕ್ಕಿ 245. ಮೂರಕ್ಕೂ ಹುಳದ ಔಷಧಿಯ ಮೊದಲ ಡೋಸ್ ಆಯಿತು, ತೂಕ ನೋಡಿ ವೈದ್ಯರು ಹೇಳಿದಷ್ಟೇ. ಇನ್ನು ಎರಡು ವಾರಕ್ಕೊಮ್ಮೆ.

ದಿನ 16

ಕಿವಿ ಎದ್ದು ನಿಂತಿವೆ. ಈಗ ನೋಡಲು ಬೆಕ್ಕಿನ ಹಾಗೆ ಕಾಣುತ್ತವೆ.

ಅಂಚು ಕಡಿಮೆ ಇರುವ ಒಂದು ತಟ್ಟೆಯಲ್ಲಿ ಲಿಟರ್, ಅಂದರೆ ಬೆಕ್ಕು ಕಕ್ಕ ಉಚ್ಚೆ ಮಾಡಲು ಹಾಕುವ ಮರಳಿನಂಥದ್ದು, ಹಾಕಿಟ್ಟೆ. ನೀರು ತಾಗಿದರೆ ಗಟ್ಟಿಯಾಗುವ ಬಗೆಯದು ಬೇಡ. ಈ ವಯಸ್ಸಲ್ಲಿ ಎಲ್ಲವನ್ನೂ ಬಾಯಿಗೆ ಹಾಕಿ ನೋಡುತ್ತವೆ, ಅದು ಹೊಟ್ಟೆಯಲ್ಲಿ ಗಟ್ಟಿಯಾದರೆ ಕಷ್ಟ. ಬೂದಿ ತಟ್ಟೆ ಹತ್ತಿದಳು, ಮೂಸಿದಳು, ಮುಂಗಾಲಿನಿಂದ ಎರಡು ಸಲ ಕೆದರಿದಳು. ಆಮೇಲೆ ಕೂತು, ಎಲ್ಲೋ ದೂರ ನೋಡುತ್ತಾ, ಉಚ್ಚೆ ಮಾಡಿದಳು. ಯಾರೂ ಹೇಳಿಕೊಟ್ಟಿಲ್ಲ. ಪ್ರತಿ ಬ್ಯಾಚಿನಲ್ಲೂ ಇದನ್ನು ನೋಡುತ್ತೇನೆ, ಪ್ರತಿ ಸಲವೂ ಹೊಸದಾಗಿಯೇ ಖುಷಿಯಾಗುತ್ತದೆ.

ದಿನ 20

ಪುಟ್ಟ ವಾಪಸ್ ಅಕ್ಕ ತಂಗಿಯರ ಜೊತೆ ಸೇರಿದ. ಮೊದಲು ಹತ್ತು ನಿಮಿಷ, ನಾನು ಪಕ್ಕದಲ್ಲೇ ಕೂತು. ಯಾರೂ ಚೀಪಲಿಲ್ಲ. ಚುಕ್ಕಿ ಅವನ ಕಿವಿ ನೆಕ್ಕಿದಳು. ಸಂಜೆ ಹೊತ್ತಿಗೆ ಸ್ವೆಟರ್ ತೋಳಿನ ದಿಂಬಿನ ಮೇಲೆ ಮೂರೂ ಬಿದ್ದುಕೊಂಡಿದ್ದವು.

ದಿನ 24 ರಿಂದ 35

ಬಾಟಲಿ ಬಿಡಿಸುವ ಕಾಲ. ಮರಿಗಳ ಮೆತ್ತನೆ ಆಹಾರಕ್ಕೆ ಅದೇ ಹಾಲು ಕಲಸಿ ಗಂಜಿಯಂತೆ ಮಾಡಿ ಕೊಟ್ಟೆ. ಚುಕ್ಕಿ ತಟ್ಟೆಯೊಳಗೇ ನಡೆದಳು. ಬೂದಿ ಎರಡೇ ದಿನದಲ್ಲಿ ಕಲಿತಳು. ಪುಟ್ಟ ಒಂದು ವಾರ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ, ಅವನಿಗೆ ಬಾಟಲಿ ಮುಂದುವರಿಸಿದೆ. ಅವಸರ ಮಾಡಿ ಉಪವಾಸ ಕೆಡವುವುದು ತಪ್ಪು. ಮಧ್ಯೆ ಬೂದಿಗೆ ಎರಡು ದಿನ ಭೇದಿ. ಕಕ್ಕ ಪರೀಕ್ಷೆ ಮಾಡಿಸಿ ಔಷಧಿ ಕೊಟ್ಟೆವು, ನಿಂತಿತು.

ಈ ವಾರಗಳಲ್ಲಿ ನಿಜವಾದ ಕೆಲಸ ಬೇರೆಯೇ. ಎರಡರಿಂದ ಏಳು ವಾರದೊಳಗೆ ಬೆಕ್ಕಿನ ಮರಿ ಯಾವುದನ್ನು ನೋಡಿ ಕೇಳಿ ರೂಢಿ ಮಾಡಿಕೊಳ್ಳುತ್ತದೋ ಅದಕ್ಕೆ ದೊಡ್ಡದಾದ ಮೇಲೂ ಅಷ್ಟಾಗಿ ಹೆದರುವುದಿಲ್ಲ. ಅದಕ್ಕೇ ಪಟ್ಟಿ ಮಾಡಿಕೊಂಡು ನಡೆಸಿದೆವು. ಮಿಕ್ಸಿ ಸದ್ದು ಮೊದಲು ಪಕ್ಕದ ಕೋಣೆಯಿಂದ, ಆಮೇಲೆ ಹತ್ತಿರದಿಂದ. ಗಂಡಸರ ದನಿ. ಮಕ್ಕಳ ಓಡಾಟ. ಉಗುರು ದಿನಕ್ಕೆ ಒಂದೋ ಎರಡೋ, ಕತ್ತರಿಸಿದ ಕೂಡಲೇ ತಿನಿಸು. ಪ್ರಯಾಣದ ಪಂಜರವನ್ನು ಬಾಗಿಲು ತೆಗೆದು ಕೋಣೆಯಲ್ಲೇ ಇಟ್ಟೆ, ಒಳಗೆ ಊಟದ ತಟ್ಟೆ. ಈಗ ಅದು ಅವುಗಳ ಮಲಗುವ ಮನೆ.

ಕೈಯನ್ನು ಆಟದ ಸಾಮಾನು ಮಾಡಲಿಲ್ಲ. ಬೆರಳಾಡಿಸಿದರೆ ಮರಿ ಹಿಡಿದು ಕಚ್ಚುವುದು ಈಗ ಮುದ್ದಾಗಿಯೇ ಇರುತ್ತದೆ. ಒಂದು ವರ್ಷದ ಬೆಕ್ಕು ಹಾಗೆ ಕಚ್ಚಿದರೆ ಅದನ್ನು ವಾಪಸ್ ತಂದುಬಿಡುತ್ತಾರೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅವು ಒಂದಕ್ಕೊಂದು ಕಲಿಸಿಕೊಳ್ಳುತ್ತವೆ. ಬೂದಿ ಜೋರಾಗಿ ಕಚ್ಚಿದಾಗ ಚುಕ್ಕಿ ಕಿರುಚಿ ಆಟ ನಿಲ್ಲಿಸಿ ಹೋಗಿಬಿಡುತ್ತಾಳೆ. ನನಗಿಂತ ಒಳ್ಳೆ ಮೇಷ್ಟ್ರು ಅವಳು.

ದಿನ 37

ಆರು ವಾರ. ಮೊದಲ ಲಸಿಕೆ ಆಯಿತು. ಇನ್ನು ಮೂರ್ನಾಲ್ಕು ವಾರಕ್ಕೊಮ್ಮೆ, ನಾಲ್ಕು ತಿಂಗಳು ತುಂಬುವ ತನಕ. ಪುಟ್ಟನ ಕಣ್ಣಿನ ನೀಲಿ ಹೋಗಿ ಹಳದಿ ಬರುತ್ತಿದೆ.

ದಿನ 44

ಫೋಟೋ ಹಾಕಿದ ಮೇಲೆ ವಿಚಾರಿಸಿದವರು ಹನ್ನೊಂದು ಜನ. ಅದರಲ್ಲಿ ಎಂಟು ಜನ ಬೂದಿಯೊಬ್ಬಳನ್ನೇ ಕೇಳಿದರು, ಬಣ್ಣ ನೋಡಿ. ಬೇಸರ ಮಾಡಿಕೊಳ್ಳಲಿಲ್ಲ. ಬಣ್ಣ ನೋಡಿ ಬಂದವರೂ ಒಳ್ಳೆಯವರಿರುತ್ತಾರೆ. ಆದರೆ ಮಾತಾಡಿಸದೆ ಕೊಡುವುದಿಲ್ಲ.

ನಾನು ಕೇಳುವುದು ಕೆಲವೇ ಪ್ರಶ್ನೆ. ಕಿಟಕಿ, ಬಾಲ್ಕನಿಗೆ ಬಲೆ ಇದೆಯಾ? ಮನೆಯವರೆಲ್ಲರೂ ಒಪ್ಪಿದ್ದಾರಾ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಮನೆ ಬದಲಿಸಬೇಕಾಗಿ ಬಂದರೆ ಬೆಕ್ಕಿನ ಕಥೆ ಏನು? ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೀರಾ? ನಮ್ಮ ತಂಡದ ವೈದ್ಯರು 1 ಕಿಲೋ ದಾಟಿದ ಮೇಲೆ ಮಾಡುತ್ತಾರೆ, ಅದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತೇವೆ. ಒಬ್ಬರಂತೂ ಬಲೆಯ ಮಾತೆತ್ತಿದ ಕೂಡಲೇ "ಬೆಕ್ಕು ಬಿದ್ರೂ ಏನಾಗಲ್ಲ ಬಿಡಿ" ಅಂದರು. ಆಗುತ್ತದೆ. ಕಾಲು ಮುರಿಯುತ್ತದೆ, ದವಡೆ ಒಡೆಯುತ್ತದೆ, ಸಾಯುತ್ತವೆ. ಅವರಿಗೆ ಇಲ್ಲ ಅಂದೆ.

ಪುಟ್ಟ ಮತ್ತು ಚುಕ್ಕಿಯನ್ನು ಬೇರೆ ಮಾಡುವುದಿಲ್ಲ ಅಂತ ಅಕ್ಕ ಮೊದಲೇ ಹೇಳಿದ್ದಳು. ನನಗೆ ಅನುಮಾನವಿತ್ತು. ಇಬ್ಬರನ್ನು ಒಟ್ಟಿಗೆ ಯಾರು ಒಯ್ಯುತ್ತಾರೆ? ನಿಧಾನ ಆಗುತ್ತದಲ್ಲ? "ಆಗ್ಲಿ ಬಿಡು, ಅಲ್ಲಿ ತನಕ ಇಲ್ಲೇ ಇರ್ತಾವೆ," ಅಂದಳು. ಅವಳು ಹೇಳಿದ್ದು ಸರಿ. ಈಗಲೂ ಪುಟ್ಟ ಚುಕ್ಕಿ ಎಲ್ಲಿ ಅಂತ ನೋಡಿಕೊಂಡೇ ಊಟಕ್ಕೆ ಬರುತ್ತಾನೆ.

ದಿನ 52

ಬೂದಿ ಹೊರಟಳು, 890 ಗ್ರಾಂ. ಅವಳು ಹೋದ ಮನೆಯಲ್ಲಿ ಈಗಾಗಲೇ ಒಂದು ವರ್ಷದ ಗಂಡು ಬೆಕ್ಕಿದೆ. ಆಟಕ್ಕೆ ಜೋಡಿ. ಮೊದಲ ವಾರ ಬೇರೆ ಕೋಣೆ, ಹಾಸಿಗೆ ಬಟ್ಟೆ ಅದಲು ಬದಲು ಮಾಡಿ ವಾಸನೆ ಪರಿಚಯ, ಆಮೇಲೆ ಬಾಗಿಲ ಸಂದಿಯಿಂದ ಮುಖ. ಇದನ್ನೆಲ್ಲ ಅವರೇ ನನಗೆ ಹೇಳಿದರು, ನಾನು ಕೇಳುವ ಮೊದಲೇ. ಕಳಿಸಿ ಬಂದು ಬಚ್ಚಲಲ್ಲಿ ಬಾಟಲಿಗಳನ್ನು ತೊಳೆಯುತ್ತಾ ಅತ್ತೆ. ಹೊಟ್ಟೆ ತುಂಬ ಅತ್ತೆ. ಹೋಗಲೇಬೇಕು, ಅದಕ್ಕೇ ಬೆಳೆಸಿದ್ದು. ಅವಳ ಜಾಗ ಖಾಲಿಯಾದರೆ ಇನ್ನೊಂದು ಮರಿಗೆ ಜಾಗ.

ದಿನ 58

ಪುಟ್ಟ 790, ಚುಕ್ಕಿ 905. ಇಬ್ಬರೂ ಒಂದೇ ಮನೆಗೆ. ಬಂದವರು ಗಂಡ ಹೆಂಡತಿ. ನೆಲದ ಮೇಲೆ ಕೂತು, ಕೈ ಚಾಚದೆ, ಸುಮ್ಮನೆ ಕಾದರು. ಇಪ್ಪತ್ತು ನಿಮಿಷ. ಪುಟ್ಟ ಬಂದು ಅವರ ಕಾಲುಚೀಲ ಮೂಸಿ, ಮುಂಗಾಲಿನಿಂದ ನಾದತೊಡಗಿದ. ಗುರುಗುರು ಸದ್ದು ನನಗೂ ಕೇಳಿಸಿತು. 126 ಗ್ರಾಂಗೆ ಇಳಿದಿದ್ದವನು ಇವನೇ.

ಪಂಜರದ ಜೊತೆ ಕೊಟ್ಟಿದ್ದು ಲಸಿಕೆ ಕಾರ್ಡ್, ಈಗ ತಿನ್ನುತ್ತಿರುವ ಆಹಾರ ಒಂದು ವಾರಕ್ಕಾಗುವಷ್ಟು, ಪುಸ್ತಕದ ಪುಟಗಳು, ಸ್ವೆಟರ್ ತೋಳಿನ ದಿಂಬು, ಮತ್ತು ಒಗೆಯದ ಒಂದು ಟವೆಲ್. ಹೊಸ ಮನೆಯಲ್ಲಿ ಪರಿಚಯದ ವಾಸನೆ ಅಂತ ಒಂದಾದರೂ ಇರಲಿ ಅಂತ.

ದಿನ 63

ಕೋಣೆಯ ನೆಲ, ತಟ್ಟೆಗಳನ್ನು ಮೊದಲು ಸೋಪಿನಿಂದ ತೊಳೆದು ಆಮೇಲೆ ನೀರಲ್ಲಿ ಕಲಸಿದ ಬ್ಲೀಚ್ ಹಾಕಿ ಒರೆಸಿದೆ. ಒಂದು ಭಾಗ ಬ್ಲೀಚಿಗೆ 32 ಭಾಗ ನೀರು. ಮರಿಗಳ ಜೀವ ತೆಗೆಯಬಲ್ಲ ಬೆಕ್ಕಿನ ಪಾರ್ವೋ ವೈರಸ್ ಸಾದಾ ಸೋಪಿಗೆ ಸಾಯುವುದಿಲ್ಲ, ನೆಲದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಈ ಬ್ಯಾಚಿನಲ್ಲಿ ಯಾರಿಗೂ ಬರಲಿಲ್ಲ. ಆದರೂ ಬಿಡುವುದಿಲ್ಲ.

ಸಂಜೆ ಹೊಸ ಮನೆಯಿಂದ ಮೆಸೇಜ್. ಪುಟ್ಟ ತಕ್ಕಡಿ ತಟ್ಟೆಯಲ್ಲಿ ಕೂತಿರುವ ಫೋಟೋ, 846. ಕೆಳಗೆ ಒಂದು ಪ್ರಶ್ನೆ. "ಆ ಟವೆಲ್ ತುಂಬ ವಾಸನೆ ಬರ್ತಿದೆ. ಒಗೀಬಹುದಾ?"

ಇನ್ನೊಂದು ವಾರ ಬಿಡಿ, ಅಂತ ಬರೆದೆ.