ಅಜ್ಜಿಯ ಸಂಚಿಯಲ್ಲಿದ್ದ ಮುತ್ತು

ಹುಣ್ಣಿಮೆಯ ದಿನ ಮುನಿರಾಬಾದಿನಲ್ಲಿ ರೈಲಿಳಿದರೆ ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಯಾರನ್ನೂ ದಾರಿ ಕೇಳಬೇಕಿಲ್ಲ. ಬೇವಿನ ಸೊಪ್ಪು ಹಿಡಿದವರು, ಎಡೆಯ ಗಂಟು ತಲೆಮೇಲೆ ಹೊತ್ತವರು ‘ಉಧೋ ಉಧೋ’ ಎನ್ನುತ್ತ ನಡೆಯುತ್ತಿರುತ್ತಾರೆ, ಅವರ ಹಿಂದೆ ಕಾಲು ತಾನೇ ಸಾಗುತ್ತದೆ. ಅವ್ವನ ಕೈಯಲ್ಲಿ ಉಡಿಯ ಸಾಮಾನು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಹಸಿರು ಬಳೆ, ಗುಳೇದಗುಡ್ಡದ ಖಣ. ನನ್ನ ಕೈಯಲ್ಲಿ ಅಜ್ಜಿಯ ಎಲೆ ಅಡಿಕೆ ಸಂಚಿ, ಅದರೊಳಗೆ 41 ಮಣಿ.

ಕೆಂಪು ಇಪ್ಪತ್ಮೂರು, ಬಿಳಿ ಹದಿನೆಂಟು. ಬಿಳಿಯವು ಹಳದಿಗೆ ತಿರುಗಿವೆ. ಕೆಂಪಿನ ರಂಧ್ರದ ಅಂಚು ದಾರ ಉಜ್ಜಿ ಉಜ್ಜಿ ಸವೆದಿದೆ, ಒಂದೆರಡಕ್ಕೆ ಸುಣ್ಣದ ಕಲೆ ಅಂಟಿದೆ. ನಮ್ಮ ಕಡೆ ಇವಕ್ಕೆ ಮುತ್ತು ಅನ್ನುತ್ತಾರೆ. ಮನೆಯಲ್ಲಿ ಜಡ್ಡು ಬಿಡದೆ ಕಾಡಿತೆಂದು, ಅಜ್ಜಿಗೆ ಎಂಟು ತುಂಬುವ ಮೊದಲೇ ಹಿರಿಯರು ಇವನ್ನು ಅವಳ ಕೊರಳಿಗೆ ಕಟ್ಟಿಸಿ ದೇವರಿಗೆ ಬಿಟ್ಟರು. ಮುತ್ತು ಕಟ್ಟಿದವಳು ನಿತ್ಯ ಮುತ್ತೈದೆ, ಅವಳಿಗೆ ವಿಧವೆತನ ಇಲ್ಲ ಎನ್ನುತ್ತಿದ್ದರು. ಮದುವೆಯೂ ಇರಲಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಒಮ್ಮೆ ದಾರ ಹರಿಯಿತಂತೆ. ಸಿಕ್ಕಷ್ಟು ಮಣಿ ಆರಿಸಿಕೊಂಡು ಸಂಚಿಗೆ ಹಾಕಿದ ಅಜ್ಜಿ ಮತ್ತೆ ಪೋಣಿಸಲಿಲ್ಲ. ಆಗ ಅವ್ವ ಹೊಟ್ಟೆಯಲ್ಲಿದ್ದಳು. ‘ತಾಯೀ, ಹೆಣ್ಣಾದ್ರ ಅದಕ ಮುತ್ತು ಬ್ಯಾಡ, ತಾಳಿ ಕೊಡು, ನಿನ್ನ ಉಡಿ ತುಂಬ್ತೀನಿ’ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಹೆಣ್ಣುಮಕ್ಕಳನ್ನು ಹೀಗೆ ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು. ಅಜ್ಜಿಯ ಹರಕೆ ಅದಕ್ಕಿಂತ ಹಳೆಯದು. ಅವ್ವನ ಕೊರಳಲ್ಲಿ ಇಂದು ಕರಿಮಣಿ, ನಡುವೆ ಎರಡು ಬಂಗಾರದ ಬಟ್ಟಲು, ಒಂದು ತವರಿನದು, ಒಂದು ಗಂಡನ ಮನೆಯದು. ತವರಿನ ಬಟ್ಟಲಿಗೆ ಅಜ್ಜಿ ಎಷ್ಟು ವರ್ಷ ಕೂಲಿಯ ದುಡ್ಡು ಕೂಡಿಟ್ಟಳೋ ಆ ತಾಯಿಗೇ ಗೊತ್ತು.

ಮಣಿಯ ಆಸೆ ಈ ಸೀಮೆಗೆ ಇಂದು ನಿನ್ನೆಯದಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಅಗೆದಾಗ ಅಗೇಟ್, ಕಾರ್ನೀಲಿಯನ್ ಕಲ್ಲಿನ ಮಣಿಗಳು ಸಿಕ್ಕವು. ಅಶೋಕನ ಹೆಸರಿರುವ ಶಾಸನದ ಊರೇ ಅದು. ಅಷ್ಟು ಗಟ್ಟಿ ಕಲ್ಲಿಗೆ ದಾರ ತೂರುವಷ್ಟು ತೂತು ಕೊರೆದ ಕೈಗಳನ್ನು ನೆನೆದರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ. ಮಣಿಯಲ್ಲಿ ಪಾಪವಿಲ್ಲ. ತಾಯಿಯೂ ಯಾವ ಕೂಸಿನ ಕೊರಳನ್ನೂ ಕೇಳಿದವಳಲ್ಲ, ಇದನ್ನು ನಾನು ಪೂರ್ತಿ ನಂಬಿದ್ದೇನೆ.

ಹೊಳೆಯಲ್ಲಿ ಮಿಂದು ಸರದಿಯಲ್ಲಿ ನಿಂತೆವು. ಮಣಿಗಳನ್ನು ತುಂಗಭದ್ರೆಗೆ ಬಿಟ್ಟುಬಿಡೋಣ ಎಂದು ಮೆಲ್ಲಗೆ ಹೇಳಿದೆ. ಅವ್ವ ತಲೆಯಾಡಿಸಿದಳು. ‘ಬ್ಯಾಡ. ನಮ್ಮವ್ವನ ಕೊಳ್ಳಾಗ ಇದ್ದದ್ದು.’ ಗರ್ಭಗುಡಿಯ ಮುಂದೆ ಉಡಿ ಕೊಟ್ಟು ಸಂಚಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು, ಒಂದೂ ಮಾತಾಡಲಿಲ್ಲ. ಕುಂಕುಮ, ಭಂಡಾರ ಮೆತ್ತಿದ ತಾಯಿಯ ಮುಖ ನೋಡುತ್ತಿದ್ದವಳಿಗೆ, ಹಿಂದಿನವರು ನೂಕಿದಾಗಲೇ ನನ್ನ ಕೆನ್ನೆ ಒದ್ದೆಯಾದದ್ದು ತಿಳಿದದ್ದು.

ಹೊರಗೆ ಸಾಲು ಅಂಗಡಿಗಳ ಕೊನೆಗೆ ಒಬ್ಬ ಮುದುಕ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಸರ ಪೋಣಿಸುತ್ತಿದ್ದ. ಮಣಿಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ ಅವು ಏನೆಂದು ಅರಿತ, ಒಂದು ಗಳಿಗೆ ಸುಮ್ಮನಾದ.

‘ಕೊಳ್ಳಿಗೇನ್ ಯವ್ವಾ, ದೇವರ ಜಗಲಿಗೋ?’

‘ಜಗಲಿಗಪ್ಪಾ. ದೇವರ ಮೂರ್ತಿ ಗೇಣುದ್ದ ಐತಿ.’

‘ಹಂಗಾರ ಎರಡೆಳಿ ಮಾಡ್ತೀನಿ, ಸಣ್ಣದಾಕ್ಕತಿ.’

ಕೆಂಪು, ಬಿಳಿ, ಕೆಂಪು, ಬಿಳಿ. ಗಂಟು ಬಿಗಿದು ಕೊಟ್ಟಾಗ ಸರ ನನ್ನ ಅಂಗೈಯೊಳಗೇ ಹಿಡಿಸಿತು. ಅವ್ವ ಅದನ್ನು ಹಣೆಗೆ ಒತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.