ಅಲ್ಮೋರಾದ ತಾಮ್ರದ ಬೀದಿ

27 ಅಕ್ಟೋಬರ್ 2023, ಶುಕ್ರವಾರ

ಉತ್ತರಾಖಂಡದ ಕುಮಾಊಂ ಸೀಮೆಯ ಈ ಊರಲ್ಲಿ ಸಮತಟ್ಟು ಜಾಗ ಅಂತಲೇ ಇಲ್ಲ. ಉದ್ದನೆಯ ಗುಡ್ಡದ ಬೆನ್ನ ಮೇಲೆ ಊರು ಕೂತಿದೆ, ಆ ಕಡೆ ಹೋದರೂ ಇಳಿಜಾರು, ಈ ಕಡೆ ಬಂದರೂ ಇಳಿಜಾರು. ಲಾಡ್ಜು ಇರುವ ಮಾಲ್ ರೋಡಿನಿಂದ ಬಜಾರಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಸಮುದ್ರಮಟ್ಟದಿಂದ 1,600 ಮೀಟರಿಗೂ ಜಾಸ್ತಿ ಎತ್ತರ. ಕೂತು ಎರಡು ಗಂಟೆಯಾದರೂ ಮಂಡಿ ಇನ್ನೂ ಬೈಯುತ್ತಿದೆ.

ಜೊತೆಯವರೆಲ್ಲ ಬಿನ್ಸರ್ ಕಾಡು ನೋಡಲು ಹೋದರು. ನಾನು ಬರಲ್ಲ ಅಂದೆ. ಕಾಠಗೋದಾಮಿನಿಂದ ಇಲ್ಲಿಯವರೆಗೆ ವ್ಯಾನಿನಲ್ಲಿ ಅಂತ್ಯಾಕ್ಷರಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ದೊಡ್ಡತ್ತಿಗೆ ಗೊತ್ತಲ್ಲ, ಒಬ್ಬಳೇ ಹೋಗ್ತೀನಿ ಅಂದಿದ್ದಕ್ಕೆ ನನಗೇನೋ ಆಗಿದೆ ಅನ್ನುವ ಮುಖ ಮಾಡಿದಳು. ಏನೂ ಆಗಿಲ್ಲ ಮಾರಾಯ್ತಿ. ಸುಮ್ನೆ ನಡೀಬೇಕಿತ್ತು, ಅಷ್ಟೇ.

ಬಜಾರಿನೊಳಗೆ ವಾಹನ ಬಿಡುವುದಿಲ್ಲ. ಅಷ್ಟಕ್ಕೇ ಊರು ಇಷ್ಟವಾಗಿಬಿಟ್ಟಿತು. ಕಾಲ ಕೆಳಗೆ ಕಲ್ಲು ಚಪ್ಪಡಿ, ಎರಡೂ ಕಡೆ ಅಂಗಡಿ, ಮೇಲಿನ ಅಂತಸ್ತಿನಲ್ಲಿ ಹಳೆಯ ಮರದ ಕಿಟಕಿ. ಕಿಟಕಿ ಅಂದರೆ ಅಂಥಿಂಥದ್ದಲ್ಲ, ಚೌಕಟ್ಟಿನ ತುಂಬ ಬಳ್ಳಿ, ಹೂವು, ಕಂಬದ ಬುಡದಲ್ಲೂ ಕೆತ್ತನೆ. ಅರ್ಧದಷ್ಟನ್ನು ಮೊಬೈಲ್ ಅಂಗಡಿಯ ಫ್ಲೆಕ್ಸ್ ಮುಚ್ಚಿದೆ. ಚಂದ ವಂಶದ ರಾಜರು ಹದಿನಾರನೇ ಶತಮಾನದಲ್ಲಿ ಚಂಪಾವತ ಬಿಟ್ಟು ಇಲ್ಲಿಗೆ ರಾಜಧಾನಿ ತಂದರಂತೆ, ಆಮೇಲೆ ಗೂರ್ಖರು, 1815ರಲ್ಲಿ ಇಂಗ್ಲಿಷರು. ಚಂದ ರಾಜರ ಅರಮನೆ ಮಲ್ಲಾ ಮಹಲಿನ ಕಡೆ ಹೋಗೋಣ ಅಂದುಕೊಂಡಿದ್ದೆ. ಹೋಗಲಿಲ್ಲ. ಮಿಠಾಯಿ ಅಂಗಡಿ ಅಡ್ಡ ಬಂತು.

ಬಾಲ್ ಮಿಠಾಯಿ ಬಗ್ಗೆ ಎಲ್ಲರೂ ಹೇಳುತ್ತಾರೆ. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿದು, ಮೇಲೆಲ್ಲ ಸಕ್ಕರೆಯ ಬಿಳಿ ಗುಂಡು ಮೆತ್ತಿರುತ್ತಾರೆ. ನನಗೆ ಸಿಹಿ ಜಾಸ್ತಿಯಾಯ್ತು. ನನ್ನ ಮಟ್ಟಿಗೆ ಸಿಂಗೋಡಿಯೇ ಮೇಲು. ಅದನ್ನು ಮಾಲು ಅನ್ನುವ ಎಲೆಯನ್ನು ಶಂಕುವಿನ ಹಾಗೆ ಸುತ್ತಿ ಅದರೊಳಗೆ ತುಂಬುತ್ತಾರೆ, ಎಲೆಯ ವಾಸನೆ ಖೋವಾಕ್ಕೆ ಹತ್ತಿರುತ್ತದೆ. ಎಲೆಯಲ್ಲಿ ಸುತ್ತಿದ್ದೆಲ್ಲ ನಮಗೆ ರುಚಿಯೇ ಅಲ್ವಾ.

ಮೂರು ದಿನ ಮೊದಲು ಬಂದಿದ್ದರೆ ಇಲ್ಲಿನ ದಸರಾ ಸಿಗುತ್ತಿತ್ತು. ನಮ್ಮಲ್ಲಿ ಮೈಸೂರಿನ ಆನೆ, ಅಂಬಾರಿ. ಇಲ್ಲಿ ಒಂದೊಂದು ಮೊಹಲ್ಲಾದವರು ರಾವಣನ ಕುಟುಂಬದ ಒಬ್ಬೊಬ್ಬ ರಾಕ್ಷಸನ ಬೊಂಬೆ ಮಾಡಿ ಇದೇ ಬಜಾರಿನಲ್ಲಿ ಮೆರವಣಿಗೆ ತಂದು ಕೊನೆಗೆ ಸುಡುತ್ತಾರೆ. ತಿಂಗಳುಗಟ್ಟಲೆ ಕೆಲಸವಂತೆ. ಮಿಠಾಯಿ ಅಂಗಡಿಯ ಹುಡುಗ ಫೋನಿನಲ್ಲಿ ವಿಡಿಯೊ ತೋರಿಸಿದ. ಅವರ ಬೀದಿಯ ರಾಕ್ಷಸನ ಮೀಸೆಯೇ ಈ ಸಲ ಚೆನ್ನಾಗಿತ್ತು ಅಂತ ಅವನ ಖಚಿತ ಅಭಿಪ್ರಾಯ.

ಮುಂದೆ ಒಂದು ತಿರುವಿನಲ್ಲಿ ಹೆಂಗಸೊಬ್ಬಳು ಸೌತೆಕಾಯಿ ಮಾರುತ್ತಿದ್ದಳು. ಮೊಳದುದ್ದದ ಬೆಟ್ಟದ ಸೌತೆ. ಹೆಚ್ಚಿ ಅದರ ಮೇಲೆ ಹಸಿರು ಉಪ್ಪು ಸವರಿ ಕೊಟ್ಟಳು. ಉಪ್ಪಿನ ಜೊತೆ ಹಸಿಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ ಒರಳುಕಲ್ಲಲ್ಲಿ ಅರೆದದ್ದು. ಮಿಠಾಯಿ ತಿಂದ ನಾಲಿಗೆಗೆ ಸ್ವರ್ಗ. 1890ರಲ್ಲಿ ವಿವೇಕಾನಂದರು ಅಲ್ಮೋರಾಕ್ಕೆ ನಡೆದು ಬರುವಾಗ ಹಸಿವಿನಿಂದ ನಿತ್ರಾಣರಾಗಿ ಬಿದ್ದದ್ದು, ಅಲ್ಲಿದ್ದ ಮುಸ್ಲಿಂ ಗೋರಿಸ್ಥಳದ ಫಕೀರರೊಬ್ಬರು ಸೌತೆಕಾಯಿ ಕೊಟ್ಟು ಉಳಿಸಿದ್ದು ಓದಿದ್ದೆ. 1897ರಲ್ಲಿ ಇಡೀ ಊರು ಮೆರವಣಿಗೆಯಲ್ಲಿ ಸ್ವಾಗತಿಸುವಾಗ ಗುಂಪಿನಲ್ಲಿ ಆ ಫಕೀರರನ್ನು ಗುರುತು ಹಿಡಿದರಂತೆ. ಏಳು ವರ್ಷದ ಮೇಲೆ. ಒಂದು ಹೋಳು ಸೌತೆಕಾಯಿಗೆ ಅಷ್ಟು ನೆನಪು. ನಾನು ನಿನ್ನೆ ಭವಾಲಿಯಲ್ಲಿ ಚಹಾ ಕೊಟ್ಟವನ ಮುಖ ಕೂಡ ಮರೆತಿದ್ದೇನೆ.

ತಮ್ಮನ ಮೆಸೇಜು ಬಂದದ್ದು ಸೌತೆಕಾಯಿ ತಿನ್ನುವಾಗಲೇ. "ಅಕ್ಕಾ, ಬಚ್ಚಲ ಹಂಡೆ ಎಂತ ಮಾಡದು? ಗುಜರಿಯವ ನಾಳೆ ಬತ್ನಡ. ಕೇಜಿ ಲೆಕ್ಕ." ಕೆಳಗೆ ಫೋಟೊ. ಒಲೆಯಿಂದ ಕಿತ್ತು ಅಂಗಳದಲ್ಲಿ ಮಲಗಿಸಿದ ಹಂಡೆ, ಹೊಟ್ಟೆಯೆಲ್ಲ ಮಸಿ, ಕಂಠ ಮಾತ್ರ ಕೆಂಪಗೆ.

ಮನೆ ಖಾಲಿ ಮಾಡುವುದು ಗೊತ್ತಿದ್ದದ್ದೇ. ಅಪ್ಪಯ್ಯ ಹೋದ ಮೇಲೆ ಅಲ್ಲಿ ಯಾರಿದ್ದಾರೆ. ತಮ್ಮ ಸಾಗರದಲ್ಲೇ ಮನೆ ಮಾಡಿದ್ದಾನೆ, ಅಲ್ಲಿ ಸೋಲಾರ್ ಇದೆ. ಉತ್ತರ ಬರೆಯದೆ ಫೋನ್ ಚೀಲಕ್ಕೆ ಹಾಕಿ ನಡೆದೆ. ಎಲ್ಲಿಗೆ ಅಂತ ನೋಡಿರಲಿಲ್ಲ. ಬಜಾರಿನಿಂದ ಒಂದು ಓಣಿ ಕೆಳಕ್ಕೆ ಇಳಿಯುತ್ತಿತ್ತು, ಟಣ್ ಟಣ್ ಅಂತ ಸುತ್ತಿಗೆ ಸದ್ದು ಕೇಳಿಸುತ್ತಿತ್ತು, ಇಳಿದೆ. ಟಮ್ಟಾ ಮೊಹಲ್ಲಾ. ತಾಮ್ರದ ಕೆಲಸದವರ ಕೇರಿ. ಕತೆಯಲ್ಲಿ ಹೀಗೆ ಬರೆದರೆ ಬೇಕಂತಲೇ ತಂದು ಕೂರಿಸಿದ್ದು ಅನ್ನುತ್ತೀರಿ, ಆದರೆ ಅಲ್ಮೋರಾದಲ್ಲಿ ಅರ್ಧ ಗಂಟೆ ಓಣಿ ಸುತ್ತಿದರೆ ತಾಮ್ರದ ಅಂಗಡಿ ಸಿಗದೇ ಇರುವುದೇ ಕಷ್ಟ.

ಅಜ್ಜ ಒಬ್ಬರು ಬಾಗಿಲಲ್ಲಿ ಕೂತು ಗಗರಿಯ ಕಂಠ ಬಡಿಯುತ್ತಿದ್ದರು. ಗಗರಿ ಅಂದರೆ ಇಲ್ಲಿನ ನೀರಿನ ಕೊಡ. ನೆಲದಲ್ಲಿ ಹುಗಿದ ಕಬ್ಬಿಣದ ಗೂಟಕ್ಕೆ ಕೊಡವನ್ನು ತೊಡಿಸಿ, ಎಡಗೈಯಲ್ಲಿ ಒಂದೊಂದೇ ಎಳೆಯಷ್ಟು ತಿರುಗಿಸುತ್ತ, ಬಲಗೈಯಲ್ಲಿ ಬಡಿತ. ಸುತ್ತಿಗೆ ಬಿದ್ದ ಕಡೆಯೆಲ್ಲ ಉಗುರಿನಷ್ಟು ಅಗಲದ ಹೊಳೆಯುವ ಚುಕ್ಕೆ. ಒಂದು ಸಾಲು ಮುಗಿದ ಮೇಲೆ ಹೆಬ್ಬೆರಳಿಂದ ಸವರಿ ನೋಡುತ್ತಾರೆ, ಕಣ್ಣಿಂದ ಅಲ್ಲ. ನಾನು ನೋಡುತ್ತ ನಿಂತೆ. ಅವರು ಸ್ಟೂಲಿನಂಥ ಮೋಡಾ ತೋರಿಸಿ ಕೂರು ಬೇಟಿ ಅಂದರು. ಐವತ್ತರ ಮೇಲೆ ಬೇಟಿ ಅನ್ನಿಸಿಕೊಳ್ಳುವುದು ಚೆನ್ನಾಗಿರುತ್ತದೆ.

ಎಲ್ಲಿಂದ ಅಂದರು. ಕರ್ನಾಟಕ ಅಂದೆ, ತಲೆ ಆಡಿಸಿದರು. ಬೆಂಗಳೂರು ಅಂದೆ, ಸುತ್ತಿಗೆ ನಿಂತಿತು. ಮೊಮ್ಮಗ ಅಲ್ಲೇ ಹೋಟೆಲಿನಲ್ಲಿ ಅಡುಗೆಯವನಂತೆ. ಯಾವ ಏರಿಯಾ ಅಂತ ಅವರಿಗೆ ಗೊತ್ತಿಲ್ಲ. ನೀನು ನೋಡಿರಬಹುದು, ಎತ್ತರಕ್ಕಿದ್ದಾನೆ ಅಂದರು. ಬೆಂಗಳೂರಿನಲ್ಲಿ ಅದೆಷ್ಟು ಹೋಟೆಲಲ್ಲಿ ಈ ಕುಮಾಊಂನ ಹುಡುಗರು ಕೊತ್ತಂಬರಿ ಹೆಚ್ಚುತ್ತಿದ್ದಾರೋ. 2011ರ ಜನಗಣತಿಯಲ್ಲಿ ಅಲ್ಮೋರಾ ಜಿಲ್ಲೆಯ ಜನಸಂಖ್ಯೆ 2001ಕ್ಕಿಂತ ಕಡಿಮೆಯಾಗಿತ್ತು, ದೇಶದ ಒಟ್ಟು ಜನಸಂಖ್ಯೆ ಏರುತ್ತಿದ್ದಾಗ. ಹಳ್ಳಿಗಳಲ್ಲಿ ಮುದುಕರು, ಬೀಗ ಮತ್ತು ಮಂಗ ಅಂತ ಟ್ಯಾಕ್ಸಿಯವನು ಬರುವಾಗಲೇ ಹೇಳಿದ್ದ. ನಮ್ಮ ಕಡೆಯೂ ಅದೇ ಮೂರು.

ಮಾತಿಗೆ ಮಾತು ಬಂದು ಹಂಡೆಯ ಫೋಟೊ ತೋರಿಸಿದೆ. ಅಜ್ಜ ಫೋನನ್ನು ಬೆಳಕಿಗೆ ಹಿಡಿದು, ಎರಡು ಬೆರಳಿಂದ ದೊಡ್ಡದು ಮಾಡಿ, ಮಸಿ ಇಲ್ಲದ ಕಂಠದ ಹತ್ತಿರ ನಿಲ್ಲಿಸಿದರು. ಕೈಕೆಲಸ ಅಂದರು. ಹೇಗೆ ಗೊತ್ತಾಯ್ತು ಅಂದರೆ ಚುಕ್ಕೆ ತೋರಿಸಿದರು, ಅಲ್ಲೂ ಸಾಲಾಗಿ ಉಗುರಿನಷ್ಟಗಲದ ಚುಕ್ಕೆ ಇದ್ದವು. ಆ ಹಂಡೆಯಿಂದ ನೀರು ಮೊಗೆದು ಬೆಳೆದವಳು ನಾನು. ಹಬ್ಬ ಬಂದರೆ ಹುಣಸೆಹಣ್ಣು ಬೂದಿ ಹಾಕಿ ಆ ಕಂಠ ತಿಕ್ಕಿದ್ದೂ ನಾನೇ. ಚುಕ್ಕೆ ನೋಡಿಯೇ ಇರಲಿಲ್ಲ.

ತಾಮ್ರ ಬಡಿದಷ್ಟೂ ಗಟ್ಟಿಯಾಗುತ್ತದಂತೆ. ತೀರ ಗಟ್ಟಿಯಾದರೆ ಬಿರಿಯುತ್ತದೆ, ಅದಕ್ಕೇ ನಡುನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯಬೇಕು. ಮೆಷಿನ್ನಿನಲ್ಲಿ ಒತ್ತಿದ ಕೊಡ ತೆಳ್ಳಗೆ, ಅಗ್ಗ, ಜನ ಅದನ್ನೇ ಒಯ್ಯುತ್ತಾರೆ. ನಿಮ್ಮ ಹಂಡೆಯ ತಳ ಸುಟ್ಟುಹೋಗಿದ್ದರೂ ಪರವಾಗಿಲ್ಲ, ಕತ್ತರಿಸಿ ಬೇರೆ ತಳ ಬೆಸೆಯಬಹುದು, ಗುಜರಿಗೆ ಯಾಕೆ ಕೊಡ್ತೀರಿ, ಅವನು ತೂಕಕ್ಕೆ ದುಡ್ಡು ಕೊಡ್ತಾನೆ, ಬಡಿದದ್ದಕ್ಕೆ ಕೊಡ್ತಾನಾ ಅಂದರು. ನನಗೆ ಗಂಟಲು ಕಟ್ಟಿತು. ಆಮೇಲೆ ಅವರು ಕೇಳಿದರು, ಇದನ್ನು ಮಾಡಿದ್ದು ಯಾರು?

ಗೊತ್ತಿಲ್ಲ. ಹಂಡೆಯ ಅಂಚಿನಲ್ಲಿ ನಮ್ಮ ಅಜ್ಜನ ಹೆಸರು ಕೊರೆಸಿದೆ, ಊರಿನ ಹೆಸರಿದೆ. ಅಡಿಕೆ ಮಾರಿದ ದುಡ್ಡಿನಲ್ಲಿ ತಂದದ್ದು ಅಂತ ಗೊತ್ತು, ಗಾಡಿಯಲ್ಲಿ ತಂದಾಗ ದೊಡ್ಡಪ್ಪ ಚಿಕ್ಕವನು ಒಳಗೆ ಕೂತಿದ್ದ ಅಂತಲೂ ಗೊತ್ತು. ಮಾಡಿದವರು ಯಾರು ಅಂತ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ, ನಾವೂ ಕೇಳಿದ್ದಿಲ್ಲ.

ಅಜ್ಜ ಅದನ್ನೇನೂ ದೊಡ್ಡದು ಮಾಡಲಿಲ್ಲ. ಮತ್ತೆ ಬಡಿಯುತ್ತ ತಮ್ಮವರ ವಿಷಯ ಹೇಳಿದರು. ರಾಜರ ಜೊತೆಗೇ ಚಂಪಾವತದಿಂದ ಬಂದವರಂತೆ. ಈ ಊರಲ್ಲಿ ಒಂದು ಕಾಲಕ್ಕೆ ಮುನ್ನೂರಕ್ಕೂ ಜಾಸ್ತಿ ನೌಲಾ ಇದ್ದವಂತೆ. ನೌಲಾ ಅಂದರೆ ಬೆಟ್ಟದ ಒರತೆಗೆ ಕಲ್ಲು ಕಟ್ಟಿ ಮಾಡು ಹೊದಿಸಿದ ನೀರಿನ ಜಾಗ. ಈಗ ಕೋಸಿ ನದಿಯಿಂದ ಪಂಪು. ಊರಿನವರೆಲ್ಲ ಇವರು ಮಾಡಿದ ಗಗರಿ ಹಿಡಿದೇ ನೌಲಾಕ್ಕೆ ಹೋಗುತ್ತಿದ್ದದ್ದು. ಇವರು ಮಾತ್ರ ಇಳಿದು ನೀರು ಮೊಗೆಯುವ ಹಾಗಿರಲಿಲ್ಲ. ಬೇರೆಯವರು ಬಂದು ಮೇಲಿಂದ ಹೊಯ್ಯುವವರೆಗೆ ಕಾಯಬೇಕಿತ್ತು. ತಾನು ಹುಡುಗನಾಗಿದ್ದಾಗ ಹಾಗೆ ಕಾದದ್ದಿದೆ ಅಂದರು. ನಗುತ್ತಲೇ ಅಂದರು. ಚಹಾ ಕುಡೀತೀಯಾ ಅಂದರು.

ಕುಡಿದೆ. ಸ್ಟೀಲಿನ ಲೋಟ, ಶುಂಠಿ ಜಾಸ್ತಿ.

ಕುಡಿಯುವಾಗ ನಮ್ಮ ಜಗಲಿಯ ಸೂರು ಕಣ್ಣಿಗೆ ಬಂತು. ವರ್ಷಕ್ಕೊಮ್ಮೆ ಕಲಾಯಿಯವನು ಬರುತ್ತಿದ್ದ. ಅಂಗಳದಲ್ಲಿ ಗುಂಡಿ ತೋಡಿ ತಿದಿ ಒತ್ತಿ, ನವಸಾಗರದ ಬಿಳಿ ಹೊಗೆ ಎಬ್ಬಿಸಿ, ಪಾತ್ರೆಯ ಒಳಗೆ ಬೆಳ್ಳಿಯ ಹಾಗೆ ಮಿಂಚಿಸಿ ಕೊಡುತ್ತಿದ್ದ. ನಾವು ಮಕ್ಕಳು ಸುತ್ತ ಕೂತು ನೋಡುವುದು. ಅವನ ಲೋಟ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಅವನೇ ತೆಗೆದು, ಅವನೇ ತೊಳೆದು, ಅಲ್ಲೇ ಇಡಬೇಕು. ಆಯಿ ಮೇಲಿಂದ ಚಹಾ ಹೊಯ್ಯುತ್ತಿದ್ದಳು. ಆಯಿ ಕೆಟ್ಟವಳಲ್ಲ. ಅವನು ಹೋಗುವಾಗ ಹೊಟ್ಟೆ ತುಂಬ ಊಟ, ಬಾಳೆಕೊನೆ, ಎಲ್ಲ ಕೊಟ್ಟೇ ಕಳಿಸುತ್ತಿದ್ದಳು. ಆದರೂ ಆ ಲೋಟ. ಬೆಳಗಿನಿಂದ ನಮ್ಮ ಹಂಡೆ, ನಮ್ಮ ಬಚ್ಚಲು, ನಮ್ಮ ಮನೆ ಅಂತ ಉಕ್ಕಿ ಬರುತ್ತಿದ್ದದ್ದೆಲ್ಲ ಆ ಲೋಟದ ಹತ್ತಿರ ಬಂದು ತಡೆದು ನಿಂತಿತು.

ಒಂದು ಸಣ್ಣ ಚೊಂಬು ತೆಗೆದುಕೊಂಡೆ. ತಾಮ್ರದ ತೂಕ, ಮೇಲೆ ಮಜೂರಿ, ಎರಡನ್ನೂ ಬೇರೆ ಬೇರೆ ಬರೆದು ಚೀಟಿ ಕೊಟ್ಟರು. ಮೊಮ್ಮಗನ ನಂಬರ್ ಕೊಡಲೂ ಹೊರಟರು, ಅವರ ಫೋನಿನಲ್ಲಿ ಚಾರ್ಜ್ ಇರಲಿಲ್ಲ.

ಐದೂವರೆಗೆಲ್ಲ ಸೂರ್ಯ ಹೋಗಿಬಿಡುತ್ತಾನೆ ಇಲ್ಲಿ. ಬಜಾರಿನ ಒಂದು ಸಂದಿಯಿಂದ ತ್ರಿಶೂಲ ಶಿಖರ ಕಂಡಿತು, ಗುಲಾಬಿ ಬಣ್ಣ, ಹತ್ತು ನಿಮಿಷ ಅಷ್ಟೇ. ಲಾಡ್ಜಿನ ಹುಡುಗ ಎಂಟರ ಮೇಲೆ ಹೊರಗೆ ಓಡಾಡಬೇಡಿ ದೀದಿ, ಗುಲ್ದಾರ್ ಬರುತ್ತೆ ಅಂದಿದ್ದ. ಗುಲ್ದಾರ್ ಅಂದರೆ ಚಿರತೆ. ಊರ ಮಧ್ಯಕ್ಕಾ ಅಂದರೆ ನಾಯಿ ಇರೋ ಕಡೆಗೆಲ್ಲ ಅಂದ. ಏಳಕ್ಕೇ ಬಂದು ಬಾಗಿಲು ಹಾಕಿದೆ.

ರೂಮಿನಲ್ಲಿ ಒಂದೂ ಸೊಳ್ಳೆ ಇಲ್ಲ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಅಂತ ತೋರಿಸಿ 1902ರಲ್ಲಿ ನೊಬೆಲ್ ತೆಗೆದುಕೊಂಡ ರೊನಾಲ್ಡ್ ರಾಸ್ ಹುಟ್ಟಿದ್ದು ಇದೇ ಊರಲ್ಲಿ, 1857ರಲ್ಲಿ. ಸೊಳ್ಳೆ ಕಾಟ ಅವನ ತಲೆಗೆ ಹತ್ತಿದ್ದು ಮಾತ್ರ 1883ರಲ್ಲಿ, ನಮ್ಮ ಬೆಂಗಳೂರಿಗೆ ವರ್ಗವಾಗಿ ಬಂದ ಮೇಲೆ. ಬೆಂಗಳೂರಿನ ಕೊಡುಗೆ ಅಂತ ಇದನ್ನೂ ಸೇರಿಸಿಕೊಳ್ಳಬಹುದು.

ತಮ್ಮನಿಗೆ ಈಗಷ್ಟೇ ಬರೆದೆ, ತಡೆ, ಕೊಡಬೇಡ ಅಂತ. ತಕ್ಷಣ ಬಂತು, "ತಂದು ಎಲ್ಲಿ ಇಡ್ತೆ?" ನ್ಯಾಯವಾದ ಪ್ರಶ್ನೆ. ಎರಡು ರೂಮಿನ ಫ್ಲ್ಯಾಟು, ಬಾತ್‌ರೂಮಿನಲ್ಲಿ ಗೀಸರ್. ರೆಸಾರ್ಟಿನವರ ಹಾಗೆ ಬಾಲ್ಕನಿಯಲ್ಲಿಟ್ಟು ಮನಿಪ್ಲಾಂಟ್ ನೆಡುವುದಕ್ಕಿಂತ ಗುಜರಿಗೆ ಹೋಗುವುದೇ ವಾಸಿ. ಕಲಾಯಿಯವನ ಮೊಮ್ಮಗ ಸಾಗರದ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ತಮ್ಮನಿಗೆ ಪರಿಚಯ. ಇಂಥ ಹಂಡೆ ಆಗೆಲ್ಲ ಯಾರು ಮಾಡುತ್ತಿದ್ದರು, ಯಾವ ಊರಿನವರು ಅಂತ ಅವರ ಮನೆಯಲ್ಲಿ ಯಾರಿಗಾದರೂ ಗೊತ್ತಿರಬಹುದು. ಕೇಳಬಹುದು. ಆದರೆ ಆ ಲೋಟದ ವಿಷಯ ಅವನ ಅಜ್ಜ ಮನೆಯಲ್ಲಿ ಹೇಳದೇ ಇದ್ದಿರುತ್ತಾನಾ, ಈಗ ನಾನು ಇದ್ದಕ್ಕಿದ್ದ ಹಾಗೆ ಫೋನ್ ಮಾಡಿ, ನೋಡಪ್ಪಾ ನಮ್ಮ ಮನೆಯ ಹಂಡೆ ಇತ್ತಲ್ಲ ಅಂತ ಎಲ್ಲಿಂದ ಶುರುಮಾಡಲಿ, ಅವನು ಯಾವ ಮನೆ ಅಂತ ಕೇಳಿದರೆ