ಎಡಬದಿಯ ಆ ಒಂದು ಮೀಟರ್

ಮಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಸಿಗುವ ಬೈಗುಳ ಹೆಚ್ಚಾಗಿ ಒಂದೇ. "ಸೈಡಿಗೆ ಹೋಗ್ಲಿಕ್ಕೆ ಆಗುದಿಲ್ವಾ?" ಸಿಟಿ ಬಸ್ಸಿನ ಡ್ರೈವರ್ ಇದನ್ನೇ ಹೇಳುತ್ತಾರೆ, ಕಾರಿನವರು ಗ್ಲಾಸ್ ಇಳಿಸಿ ಇದನ್ನೇ ಹೇಳುತ್ತಾರೆ, ಹೇಳಲು ಪುರುಸೊತ್ತಿಲ್ಲದವರು ಹಾರ್ನ್ ಒತ್ತಿ ಹಿಡಿಯುತ್ತಾರೆ. ನಡುರಸ್ತೆಯಲ್ಲಿ ತುಳಿಯಬೇಕು ಅಂತ ನಮಗ್ಯಾರಿಗೂ ಆಸೆ ಇಲ್ಲ. ಜೀವದ ಮೇಲೆ ಆಸೆ ಇರುವ ಯಾರಾದರೂ ಬೇಕೆಂದೇ ಬಸ್ಸಿನ ಎದುರು ಹೋಗುತ್ತಾರಾ? ನಾವು ಹೋಗುವುದು ಯಾಕೆಂದರೆ ಆ ಸೈಡಿನಲ್ಲಿ ಒಂದು ಕಾರು ನಿಂತಿದೆ. ಅದರ ಮುಂದೆ ಸಾಮಾನು ಇಳಿಸುತ್ತಿರುವ ಪಿಕಪ್. ಅದರ ಮುಂದೆ ನಾಲ್ಕು ಸ್ಕೂಟರ್. ಅಷ್ಟನ್ನೂ ದಾಟಿ ಎಡಕ್ಕೆ ಸೇರಿಕೊಳ್ಳುವಷ್ಟರಲ್ಲಿ ಇನ್ನೊಂದು ಕಾರು.

ನಮ್ಮ ಊರಿನಲ್ಲಿ ಹೇಳಿಕೊಳ್ಳುವಂಥ ಸೈಕಲ್ ಲೇನ್ ಇಲ್ಲ. ಇರುವುದು ರಸ್ತೆಯ ಎಡ ಅಂಚು. ಬಿಳಿ ಗೆರೆಯಿಂದ ಚರಂಡಿಯ ಚಪ್ಪಡಿವರೆಗೆ ಒಂದು ಮೀಟರ್, ಕೆಲವು ಕಡೆ ಒಂದೂವರೆ. ಕಾಂಕ್ರೀಟ್ ರಸ್ತೆಯ ಬದಿಗೆ ಇಂಟರ್‌ಲಾಕ್ ಹಾಕಿದ್ದಾರಲ್ಲ, ಅದೂ ಸೇರಿ. ಬೋರ್ಡ್ ಇಲ್ಲದಿದ್ದರೂ ನಮ್ಮ ಪಾಲಿಗೆ ಸೈಕಲ್ ಲೇನ್ ಅದೇ. ಕಾರು ಇಡುವವರ ಪಾಲಿಗೆ ಅದು ಪಾರ್ಕಿಂಗ್. ಜಗಳ ಎಲ್ಲ ಹುಟ್ಟುವುದು ಅಲ್ಲೇ.

ಮೊನ್ನೆ ಸಂಜೆ ಕೆಲಸ ಮುಗಿಸಿ ಕೆ.ಎಸ್. ರಾವ್ ರಸ್ತೆಯಲ್ಲಿ ಹಂಪನಕಟ್ಟೆಯಿಂದ ಪಿವಿಎಸ್ ಕಡೆಗೆ ಬರುತ್ತಿದ್ದೆ. ಒಂದು ಅಂಗಡಿಯ ಎದುರು ಬಿಳಿ ಕಾರು ನಿಂತಿತ್ತು. ನಾಲ್ಕೂ ಇಂಡಿಕೇಟರ್ ಮಿಣಕ್ ಮಿಣಕ್ ಅನ್ನುತ್ತಿದ್ದವು, ಒಳಗೆ ಯಾರೂ ಇಲ್ಲ. ಹಿಂದೆ ತಿರುಗಿ ನೋಡಿದೆ, ಕೈ ಚಾಚಿ ತೋರಿಸಿದೆ, ಬಲಕ್ಕೆ ಬಂದೆ. ಹಿಂದಿನಿಂದ ಬಂದ ಸಿಟಿ ಬಸ್ಸು ನನ್ನ ಚಕ್ರಕ್ಕೆ ಇನ್ನೇನು ತಾಗಿತು ಅನ್ನುವಷ್ಟು ಹತ್ತಿರ ಬಂದು ಬ್ರೇಕ್ ಹಾಕಿತು. ಬ್ರೇಕಿನಿಂದ ಗಾಳಿ ಹೊರಬರುವ ಆ ಸದ್ದು ಕುತ್ತಿಗೆಯ ಹಿಂದೆಯೇ ಕೇಳಿಸಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಸ್ಸಿನ ತಗಡಿಗೆ ಬಡಿದು, "ಎಂತ ಅಣ್ಣ, ನಡುವಿನಲ್ಲಿ ಬರುದಾ? ಸೈಡ್ ಹಿಡೀರಿ" ಅಂದ. ನಾನು ಕಾರಿನ ಕಡೆ ಕೈ ತೋರಿಸಿ, "ಸೈಡ್ ಎಲ್ಲುಂಟು, ನೀವೇ ಹೇಳಿ" ಅಂದೆ. ಡ್ರೈವರಿಗೆ ಸಿಟ್ಟು, ನನಗೆ ಸಿಟ್ಟು, ಹಿಂದೆ ಸಿಕ್ಕಿಹಾಕಿಕೊಂಡ ರಿಕ್ಷಾದವರಿಗೆ ನಮ್ಮಿಬ್ಬರ ಮೇಲೂ ಸಿಟ್ಟು. ಅಷ್ಟರಲ್ಲಿ ಕಾರಿನವರು ಪಾರ್ಸೆಲ್ ಹಿಡಿದುಕೊಂಡು ಅಂಗಡಿಯಿಂದ ಹೊರಬಂದರು, ಏನು ಗಲಾಟೆ ಅಂತ ಒಮ್ಮೆ ನೋಡಿದರು, ಕಾರು ಹತ್ತಿ ಹೋದರು. ಅವರನ್ನು ಯಾರೂ ಬೈಯಲಿಲ್ಲ. ಜಗಳ ಶುರುವಾದದ್ದು ತನ್ನಿಂದ ಅಂತ ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಸೈಕಲ್‌ನವರಿಗೂ ಡ್ರೈವರ್‌ಗಳಿಗೂ ಆಗಿ ಬರುವುದಿಲ್ಲ ಅಂತ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಬಸ್ಸಿನ ಡ್ರೈವರಿಗೂ ನನಗೂ ಬೇಕಾದದ್ದು ಒಂದೇ: ನಾನು ಅವರ ದಾರಿಯಲ್ಲಿ ಇರಬಾರದು, ಅವರು ನನ್ನ ಬೆನ್ನ ಹಿಂದೆ ಇರಬಾರದು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮದು ಖಾಸಗಿ ಬಸ್ಸುಗಳ ಊರು. ಒಂದೊಂದು ಬಸ್ಸಿಗೂ ಟೈಮಿಂಗ್ ಇದೆ, ಸ್ವಲ್ಪ ತಡವಾದರೂ ಹಿಂದಿನ ಬಸ್ಸು ಬಂದು ಮುಂದಿನ ಸ್ಟಾಪಿನ ಜನರನ್ನೆಲ್ಲ ಹತ್ತಿಸಿಕೊಂಡು ಹೋಗುತ್ತದೆ, ಕಲೆಕ್ಷನ್ ಹೋಯಿತು. ಅಂಥವರ ಎದುರು ಗಂಟೆಗೆ ಹತ್ತು ಕಿಲೋಮೀಟರ್ ಸ್ಪೀಡಿನಲ್ಲಿ ಒಂದು ಸೈಕಲ್ ಹೋಗುತ್ತಿದ್ದರೆ ತಾಳ್ಮೆ ಎಷ್ಟು ಹೊತ್ತು ಉಳಿಯುತ್ತದೆ? ಸಿಟ್ಟು ಬರುವುದು ತಪ್ಪಲ್ಲ. ಆದರೆ ಆ ಸಿಟ್ಟು ಎದುರಿಗೆ ಕಾಣುವ ಸೈಕಲ್‌ನವನ ಮೇಲೆ ಹೋಗುತ್ತದೆ. ನಿಂತ ಕಾರಿಗೆ ಬೈದರೆ ಕೇಳಿಸಿಕೊಳ್ಳಲು ಒಳಗೆ ಯಾರೂ ಇರುವುದಿಲ್ಲವಲ್ಲ.

ಕಾರು ಇಡುವವರ ಜತೆ ಮಾತಾಡಿಲ್ಲ ಅಂತಲ್ಲ. ಬಿಜೈ ಹತ್ತಿರ ಒಬ್ಬರು ಹಿರಿಯರು ಸರಿಯಾಗಿ ತಿರುವಿನಲ್ಲೇ ಕಾರು ನಿಲ್ಲಿಸಿ ಇಳಿಯುತ್ತಿದ್ದರು. "ಸರ್, ಸ್ವಲ್ಪ ಮುಂದೆ ಇಡ್ತೀರಾ? ಸೈಕಲ್‌ಗೆ ಜಾಗ ಇಲ್ಲ" ಅಂದೆ. "ಎರಡೇ ನಿಮಿಷ ಮಾರಾಯ್ರೆ" ಅಂದರು. ನಾನು ಅಲ್ಲೇ ನಿಂತದ್ದು ನೋಡಿ, "ಪಾರ್ಕಿಂಗ್ ಎಲ್ಲುಂಟು ನೀವೇ ತೋರಿಸಿ, ಅಲ್ಲೇ ಇಡ್ತೇನೆ" ಅಂದರು. ಅವರ ದನಿಯಲ್ಲಿ ಸೊಕ್ಕು ಇರಲಿಲ್ಲ, ನಿಜವಾಗಿಯೂ ಕೇಳಿದ ಪ್ರಶ್ನೆ ಅದು.

ಆ ಎರಡು ನಿಮಿಷದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಒಬ್ಬರ ಲೆಕ್ಕದಲ್ಲಿ ಅದು ನಿಜವಾಗಿಯೂ ಎರಡೇ ನಿಮಿಷ. ಆದರೆ ಅವರು ತೆಗೆದ ಜಾಗಕ್ಕೆ ಕಾಯುತ್ತಿದ್ದ ಇನ್ನೊಬ್ಬರು ಬರುತ್ತಾರೆ, ಅವರದ್ದೂ ಎರಡು ನಿಮಿಷ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದಾಗಿನಿಂದ ರಾತ್ರಿ ಶಟರ್ ಎಳೆಯುವವರೆಗೆ ಆ ಜಾಗ ಖಾಲಿ ಆಗುವುದೇ ಇಲ್ಲ. ಸೈಕಲ್‌ನವನಿಗೆ ಅದು ಎರಡು ನಿಮಿಷದ ಕಾರಲ್ಲ, ದಿನವಿಡೀ ನಿಂತ ಗೋಡೆ.

ಇನ್ನು ಅವರ ಪ್ರಶ್ನೆ. ಅದಕ್ಕೆ ಉತ್ತರ ನೆಲದ ಕೆಳಗಿದೆ. ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಬೇಸ್‌ಮೆಂಟ್ ಆಮೇಲೆ ಗೋಡೌನ್ ಆಗುವುದು, ಅಂಗಡಿ ಆಗುವುದು ನಾವೆಲ್ಲ ಕಂಡದ್ದೇ. ಬೇಸ್‌ಮೆಂಟ್ ಖಾಲಿ ಇದ್ದರೂ ಸೆಕ್ಯುರಿಟಿಯವರು ಚೈನ್ ಕಟ್ಟಿ, "ಇದು ಓನರ್‌ದ್ದು, ಹೊರಗೆ ಇಡಿ" ಅಂತಾರೆ. ಕಟ್ಟಡದ ಒಳಗೆ ನಿಲ್ಲಬೇಕಾದ ಕಾರು ರಸ್ತೆಗೆ ಬಂತು, ರಸ್ತೆಯ ಅಂಚಿನಲ್ಲಿ ಹೋಗಬೇಕಾದ ಸೈಕಲ್ ನಡುವಿಗೆ ಬಂತು, ಅಲ್ಲಿ ಬಸ್ಸು ಬಂತು. ಇದರಲ್ಲಿ ದುಡ್ಡು ಉಳಿಸಿಕೊಂಡದ್ದು ಕಟ್ಟಡದವರು ಮಾತ್ರ.

ಬಸ್ಸು ನಿಲ್ಲುವ ಜಾಗದ ಕಥೆಯೂ ಹೀಗೇ. ಬಸ್ ಬೇಯಲ್ಲಿ ಕಾರು, ರಿಕ್ಷಾ ನಿಂತಿರುತ್ತವೆ. ಬಸ್ಸು ರಸ್ತೆಯಲ್ಲೇ ನಿಲ್ಲುತ್ತದೆ. ಎಡದಲ್ಲಿ ಹೋದರೆ ಇಳಿಯುವ ಜನ, ಬಲದಲ್ಲಿ ಹೋದರೆ ಹಿಂದಿನ ಬಸ್ಸಿನ ಓವರ್‌ಟೇಕ್.

ನಿಂತ ಕಾರಿನ ಪಕ್ಕದಲ್ಲಿ ಹೋಗುವಾಗ ನಮಗೆ ಜಾಸ್ತಿ ಹೆದರಿಕೆ ಇರುವುದು ಬಾಗಿಲಿನದು. ಸಾಮಾನ್ಯ ಕಾರಿನ ಬಾಗಿಲು ಪೂರ್ತಿ ತೆರೆದರೆ ಹತ್ತಿರ ಹತ್ತಿರ 1 ಮೀಟರ್ ಹೊರಗೆ ಬರುತ್ತದೆ. ಕಾರಿನ ಅಗಲ ಸುಮಾರು 1.7 ಮೀಟರ್. ಅಂದರೆ ಅಂಚಿನಲ್ಲಿ ಒಂದು ಕಾರು ನಿಂತರೆ ಸೈಕಲ್‌ನವನು ಚರಂಡಿಯಿಂದ ಮೂರು ಮೀಟರ್ ದೂರದಲ್ಲಿ ತುಳಿಯಬೇಕು, ಅದು ಸರಿಯಾಗಿ ಬಸ್ಸು ಹೋಗುವ ಜಾಗ. "ಕಾರಿನ ಬದಿಗೇ ಅಂಟಿಕೊಂಡು ಹೋಗಬಹುದಲ್ಲ" ಅನ್ನುವವರಿಗೆ ಈ ಬಾಗಿಲಿನ ಲೆಕ್ಕ ಗೊತ್ತಿರುವುದಿಲ್ಲ. ಬಾಗಿಲು ಬಡಿದು ಸೈಕಲ್‌ನವನು ಬೀಳುವುದು ಬಲಕ್ಕೆ, ಹಿಂದೆ ಬರುವ ವಾಹನದ ಎದುರಿಗೆ. ಕಾರು ಓಡಿಸುವವರು ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಡ್ರೈವರ್ ಸೀಟಿನಿಂದ ಇಳಿಯುವಾಗ ಬಾಗಿಲನ್ನು ಬಲಗೈಯಿಂದ ತೆರೆಯದೆ ಎಡಗೈಯಿಂದ ತೆರೆಯಿರಿ. ಎಡಗೈ ಆ ಕಡೆಗೆ ಚಾಚಿದರೆ ಮೈ ತನ್ನಷ್ಟಕ್ಕೆ ತಿರುಗುತ್ತದೆ, ಕಣ್ಣು ಕನ್ನಡಿಗೂ ಹಿಂದಿನ ರಸ್ತೆಗೂ ಹೋಗುತ್ತದೆ. ಖರ್ಚು ಏನೂ ಇಲ್ಲ. ಮಕ್ಕಳಿಗೂ ಹಿಂದಿನ ಸೀಟಿನಲ್ಲಿ ಇದನ್ನೇ ಕಲಿಸಿ, ಬಲಬದಿಯಿಂದ ಇಳಿಯುವುದೇ ಬೇಡ ಅನ್ನಿ.

ಮಳೆಗಾಲದಲ್ಲಿ ಇದೆಲ್ಲ ಎರಡು ಪಟ್ಟು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿಳಿ ಗೆರೆ ಅಳಿಸಿ ಹೋಗುತ್ತದೆ. ಕಾಂಕ್ರೀಟ್ ಮುಗಿದು ಮಣ್ಣು ಶುರುವಾಗುವ ಕಡೆ ಕೊರೆದು ಅರ್ಧ ಅಡಿ ಗುಂಡಿ ಬಿದ್ದಿರುತ್ತದೆ, ಮೇಲೆ ಕೆಂಪು ನೀರು ನಿಂತರೆ ಆ ತಗ್ಗು ಕಾಣುವುದೇ ಇಲ್ಲ. ಕಾರು ತಪ್ಪಿಸಲು ಬಲಕ್ಕೆ ಬಂದವನು ಬಸ್ಸಿನ ಹಾರ್ನ್ ಕೇಳಿ ಗಾಬರಿಯಲ್ಲಿ ಎಡಕ್ಕೆ ಎಳೆದರೆ ಚಕ್ರ ಆ ಅಂಚಿನಿಂದ ಕೆಳಗಿಳಿಯುತ್ತದೆ. ಮತ್ತೆ ಮೇಲೆ ಹತ್ತಿಸಲು ಹೋದರೆ ಟಯರ್ ಕಾಂಕ್ರೀಟಿನ ಬದಿಗೆ ಉಜ್ಜಿ ಜಾರುತ್ತದೆ. ಸೈಕಲ್‌ನವರು ಅಂಚಿಗೆ ತೀರಾ ಹತ್ತಿರ ಹೋಗದೆ ಇರಲು ಇದೂ ಒಂದು ಕಾರಣ.

ಈ ರಸ್ತೆಗಳಲ್ಲಿ ಸೈಕಲ್ ತುಳಿಯುವವರು ಯಾರು ಅಂತಲೂ ಸ್ವಲ್ಪ ನೋಡಿ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ ಹಾಕಿ ಪಣಂಬೂರು, ಸುರತ್ಕಲ್ ಕಡೆ ಹೋಗುವವರು ಕಣ್ಣಿಗೆ ಬೀಳುತ್ತಾರೆ, ಫೋಟೋ ಬರುವುದೂ ಅವರದ್ದೇ. ಆದರೆ ಅವರು ಹೋಗುವ ಹೊತ್ತಿಗೆ ಅಂಗಡಿ ತೆರೆದಿರುವುದಿಲ್ಲ, ಅಂಚು ಖಾಲಿ ಇರುತ್ತದೆ. ವಾರವಿಡೀ ಸಂಜೆ ಐದೂವರೆಯ ಗದ್ದಲದಲ್ಲಿ ತುಳಿಯುವವರು ಬೇರೆ. ಕೆಲಸ ಮುಗಿಸಿ ರೂಮಿಗೆ ಹೋಗುವ ಉತ್ತರ ಕರ್ನಾಟಕದ, ಬಿಹಾರದ, ಒಡಿಶಾದ ಹುಡುಗರು. ರಾತ್ರಿ ಡ್ಯೂಟಿಗೆ ಹೋಗುವ ಸೆಕ್ಯುರಿಟಿಯವರು, ಟ್ಯೂಷನ್ ಮುಗಿಸಿ ಬರುವ ಮಕ್ಕಳು. ಇವರು ಬಸ್ ಡ್ರೈವರಿಗೆ ಎದುರು ಮಾತಾಡುವವರಲ್ಲ. ಬೈದರೆ ಬೈಸಿಕೊಂಡು ಸೈಕಲ್ ಇಳಿದು ತಳ್ಳಿಕೊಂಡು ಹೋಗುತ್ತಾರೆ. ನನಗೆ ಇದನ್ನು ಬರೆಯಬೇಕು ಅನ್ನಿಸಿದ್ದು ಅವರನ್ನು ನೋಡಿ.

ಕಾನೂನು ಇಲ್ಲವಾ ಅಂದರೆ ಇದೆ. ಸೈಕಲ್ ಟ್ರ್ಯಾಕ್ ಇರುವ ಕಡೆ ಅದರ ಮೇಲೆ ಮೋಟಾರು ವಾಹನ ಓಡಿಸಬಾರದು, ಯೂನಿಫಾರ್ಮಿನಲ್ಲಿರುವ ಪೊಲೀಸರು ಅನುಮತಿ ಕೊಟ್ಟರೆ ಮಾತ್ರ ಹೋಗಬಹುದು ಅಂತ 1989ರ ರಸ್ತೆ ನಿಯಮಗಳಲ್ಲೇ ಇತ್ತು. ಫುಟ್‌ಪಾತ್ ಮೇಲೂ ಸೈಕಲ್ ಟ್ರ್ಯಾಕ್ ಮೇಲೂ ವಾಹನ ನಿಲ್ಲಿಸಬಾರದು ಅಂತ 2017ರ ಚಾಲನಾ ನಿಯಮಗಳು ಹೇಳುತ್ತವೆ. ಆದರೆ ಟ್ರ್ಯಾಕ್ ಅಂತ ಗುರುತು ಮಾಡಿದ ಮೇಲಷ್ಟೇ ಈ ನಿಯಮಕ್ಕೆ ಬಲ. ನಾವು ತುಳಿಯುವ ಅಂಚಿಗೆ ಹೆಸರೇ ಇಲ್ಲ. ಉಳಿದದ್ದು ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್. ಬೇರೆಯವರಿಗೆ ಅಪಾಯ, ಅಡ್ಡಿ ಆಗುವಂತೆ ವಾಹನ ಬಿಟ್ಟುಹೋಗಬಾರದು ಅನ್ನುತ್ತದೆ ಅದು. ಯಾರಿಗೆ ಅಡ್ಡಿ ಅಂತ ನೋಡುವಾಗ ಸೈಕಲ್ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಿಂದಿನ ಕಾರು ಸಿಕ್ಕಿಹಾಕಿಕೊಂಡರೆ ಅಡ್ಡಿ, ಸೈಕಲ್ ಸುತ್ತಿಕೊಂಡು ಹೋದರೆ ಅಡ್ಡಿ ಅಲ್ಲ!

ಹಾಗಂತ ಸುಮ್ನೆ ಹಸಿರು ಪೇಂಟ್ ಬಳಿದು ಸೈಕಲ್ ಚಿತ್ರ ಬರೆದರೆ ಸಾಲದು. 2020ರಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಬೊಲಾರ್ಡ್, ಅಂದರೆ ಗಿಡ್ಡ ಕಂಬ, ನೆಟ್ಟು ಸೈಕಲ್ ಲೇನ್ ಮಾಡಿದರು. ಒಳ್ಳೆಯ ಪ್ರಯತ್ನ ಅದು. ಆದರೆ ಬೊಲಾರ್ಡ್ ಒಂದೊಂದಾಗಿ ಮುರಿದವು, ಮುರಿದ ಸಂದಿಯಲ್ಲಿ ಬೈಕು ನುಗ್ಗಿದವು, ಕಾರು ನಿಂತವು. ನ್ಯೂಯಾರ್ಕಿನ ನೈನ್ತ್ ಅವೆನ್ಯೂದಲ್ಲಿ 2007ರಲ್ಲಿ ಬೇರೆ ಥರ ಮಾಡಿದರು. ಫುಟ್‌ಪಾತ್‌ಗೆ ತಾಗಿ ಸೈಕಲ್ ಲೇನ್, ಅದರ ಹೊರಗೆ ಕಾರಿನ ಪಾರ್ಕಿಂಗ್, ಆಮೇಲೆ ಓಡುವ ವಾಹನ. ನಿಂತ ಕಾರುಗಳೇ ಸೈಕಲ್‌ಗೆ ಕಾವಲು. ಕೋಪನ್‌ಹೇಗನ್‌ನಲ್ಲಿ ಸೈಕಲ್ ದಾರಿಯನ್ನೇ ರಸ್ತೆಗಿಂತ ಒಂದು ಮೆಟ್ಟಿಲು ಎತ್ತರಕ್ಕೆ ಕಟ್ಟಿದ್ದಾರೆ. ನಮ್ಮ ರಸ್ತೆಗಳಲ್ಲಿ ಅಷ್ಟು ಅಗಲ ಎಲ್ಲಿದೆ ಅಂತ ನೀವು ಕೇಳುತ್ತೀರಿ, ಸರಿಯೇ. ಕಾರ್‌ಸ್ಟ್ರೀಟಿನಲ್ಲಿ, ಬಂದರಿನ ಒಳದಾರಿಗಳಲ್ಲಿ ಇದು ಆಗುವ ಮಾತಲ್ಲ. ಅಲ್ಲಿ ಎಲ್ಲರೂ ನಿಧಾನವಾಗಿಯೇ ಹೋಗುತ್ತಾರೆ, ಲೇನ್ ಬೇಕಾಗಿಯೂ ಇಲ್ಲ.

ಬೇಕಾಗಿರುವುದು ಏರಿನಲ್ಲಿ. 2017ರಲ್ಲಿ ಮೈಸೂರಿನಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರುವಾದಾಗ, ಅದು ಸಮತಟ್ಟಿನ ಊರು, ಮಂಗಳೂರಿನ ಗುಡ್ಡೆಗಳಿಗೆ ಸೈಕಲ್ ಆಗುವುದಿಲ್ಲ ಅಂತ ನನ್ನ ಗೆಳೆಯರೇ ಹೇಳಿದ್ದರು. ಗುಡ್ಡೆ ಇದೆ, ನಿಜ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಹತ್ತುವಾಗ, ಪಂಪ್‌ವೆಲ್‌ನಿಂದ ನಂತೂರಿಗೆ ಹತ್ತುವಾಗ ತೊಡೆ ಉರಿಯುತ್ತದೆ. ಆದರೆ ನನ್ನ ವಾದ ಅದೇ. ಇಳಿಜಾರಿನಲ್ಲಿ ಸೈಕಲ್ ಇಪ್ಪತ್ತೈದು ಮೂವತ್ತರ ಸ್ಪೀಡಿನಲ್ಲಿ ಹೋಗುತ್ತದೆ, ಊರೊಳಗಿನ ಟ್ರಾಫಿಕ್ಕಿನ ಜತೆ ಸೇರಿಕೊಳ್ಳಬಹುದು, ಯಾರಿಗೂ ತೊಂದರೆ ಇಲ್ಲ. ಏರಿನಲ್ಲಿ ಎಂಟಕ್ಕೋ ಹತ್ತಕ್ಕೋ ಇಳಿಯುತ್ತದೆ. ಸ್ಪೀಡು ಕಡಿಮೆಯಾದಷ್ಟೂ ಹ್ಯಾಂಡಲ್ ಆಚೀಚೆ ವಾಲುತ್ತದೆ, ಜಾಗ ಜಾಸ್ತಿ ಬೇಕು. ಹಿಂದಿನ ಬಸ್ಸಿಗೂ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಫಸ್ಟ್ ಗೇರಿನಿಂದ ಎಳೆಯಬೇಕು. ಇಬ್ಬರಿಗೂ ಕಷ್ಟ ಇರುವ ಜಾಗ ಅದು, ಜಗಳ ಜಾಸ್ತಿ ಆಗುವುದೂ ಅಲ್ಲೇ. ಹಾಗಾಗಿ ಊರಿಡೀ ಲೇನ್ ಮಾಡುವ ದುಡ್ಡು, ಜಾಗ ಇಲ್ಲದಿದ್ದರೆ ಏರುವ ಬದಿಗೆ ಮಾತ್ರ ಮಾಡಿ. ಇಳಿಯುವ ಬದಿ ಇದ್ದ ಹಾಗೇ ಇರಲಿ. ಒಂದೇ ಬದಿ ಅಂದರೆ ಬೇಕಾದ ಅಗಲವೂ ಅರ್ಧ.

ಅಂಗಡಿಯವರನ್ನು ಶತ್ರು ಮಾಡಿಕೊಂಡು ಇದು ಆಗುವುದಿಲ್ಲ. ಸಾಮಾನು ಇಳಿಸಲು ಪಿಕಪ್ ಬರಲೇಬೇಕು. ಬೆಳಿಗ್ಗೆ ಎಂಟೂವರೆಯ ಒಳಗೆ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬರಲಿ. ಸಂಜೆ ಐದರಿಂದ ಏಳೂವರೆ ಬೇಡ. ಬೇಸ್‌ಮೆಂಟಿನ ಚೈನ್ ತೆಗೆಸಿ, ಗಿರಾಕಿಗಳ ಕಾರು ಒಳಗೆ ಬಿಡಿ. ನಡೆದು ಬರುವವರಿಗೆ, ಸೈಕಲ್‌ನವರಿಗೆ ಅಂಗಡಿಯ ಬಾಗಿಲು ಕಾಣುವಂತಾದರೆ ವ್ಯಾಪಾರ ಕಡಿಮೆ ಆಗುವುದಿಲ್ಲ ಅಂತ ನನ್ನ ನಂಬಿಕೆ. ಕಾರಿನ ಸಾಲಿನ ಹಿಂದೆ ಅಡಗಿದ ಅಂಗಡಿ ಈಗಲೂ ಯಾರಿಗೆ ಕಾಣುತ್ತದೆ?

ಇನ್ನು ನಾವು ಸೈಕಲ್‌ನವರು. ರಾಂಗ್ ಸೈಡಿನಲ್ಲಿ ಬರುವವರು, ರಾತ್ರಿ ಲೈಟ್ ಇಲ್ಲದೆ ಬರುವವರು ನಮ್ಮಲ್ಲೂ ಇದ್ದಾರೆ. ಅದು ಸರಿಯಲ್ಲ, ಹಿಂದೆ ಒಂದು ಕೆಂಪು ಲೈಟ್ ಹಾಕಿಸಿಕೊಳ್ಳಿ, ತೀರಾ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಅವರ ತಪ್ಪು ತೋರಿಸಿ ಅಂಚಿನಲ್ಲಿ ಕಾರು ಇಡುವುದನ್ನು ಸಮರ್ಥಿಸಬೇಡಿ. ಎರಡಕ್ಕೂ ಸಂಬಂಧ ಇಲ್ಲ.

ಬಾವುಟಗುಡ್ಡೆಯ ಏರಿನಲ್ಲಿ ಮೊದಲು ಮಾಡಿ ನೋಡಲಿ ಅಂತ ನನ್ನ ಬೇಡಿಕೆ. ಹತ್ತುವ ಬದಿಗೆ ಒಂದೂವರೆ ಮೀಟರ್ ಬಿಟ್ಟು ಕಾಂಕ್ರೀಟ್ ಕರ್ಬ್, ಅಂದರೆ ಗಿಡ್ಡ ಕಟ್ಟೆ, ಹಾಕಿ, ಪ್ಲಾಸ್ಟಿಕ್ ಕಂಬ ಬೇಡ. ಮಳೆ ನೀರು ಚರಂಡಿಗೆ ಹೋಗಲು ಕರ್ಬಿನಲ್ಲಿ ಅಲ್ಲಲ್ಲಿ ಸಂದಿ ಬಿಡಿ, ಆ ಸಂದಿ ಸ್ಕೂಟರ್ ನುಗ್ಗುವಷ್ಟು ಅಗಲ ಇರದಿರಲಿ. ಮಾಡುವ ಮುಂಚೆ ಪಾಲಿಕೆಯ ಇಂಜಿನಿಯರ್, ಟ್ರಾಫಿಕ್ ಪೊಲೀಸರು, ಅಲ್ಲಿನ ಅಂಗಡಿಯವರು, ಒಬ್ಬ ಬಸ್ ಡ್ರೈವರ್ ಒಂದು ಸಂಜೆ ಒಟ್ಟಿಗೆ ಅಲ್ಲಿ ನಿಂತು ನೋಡಲಿ. ನಾನೂ ಬರುತ್ತೇನೆ, ಸೈಕಲ್ ತರುತ್ತೇನೆ. ಯಾರಿಗೆ ಬೇಕೋ ಅವರು ಒಮ್ಮೆ ಹತ್ತಿ ತುಳಿದು ನೋಡಬಹುದು. ಕಾಂಕ್ರೀಟ್ ಒಣಗಬೇಕಾದರೆ ಮೇ ತಿಂಗಳ ಒಳಗೆ ಕೆಲಸ ಮುಗಿಯಬೇಕು, ಜೂನ್ ಬಂದರೆ ಮತ್ತೆ ಅಕ್ಟೋಬರ್‌ವರೆಗೆ ಯಾರೂ ಗುದ್ದಲಿ ಮುಟ್ಟುವುದಿಲ್ಲ.